‘ಬಂದ’ ಅಲ್ಲ, ‘ಬಂತು’

ನಾನಿರುವುದು ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ. ಇಲ್ಲಿ ನಮ್ಮ ಬೀದಿಯ ಬೇಕರಿಯಲ್ಲಿ ಒಂದು ಬೆಳಿಗ್ಗೆ "ಪ್ರೊಶೆ ಖ್ಲೆಪ್" ಎಂದೆ. ದಯವಿಟ್ಟು ಬ್ರೆಡ್ ಕೊಡಿ ಅಂತ. ಕೌಂಟರಿನಲ್ಲಿದ್ದ ಅಜ್ಜಿ ಬ್ರೆಡ್ ತೆಗೆಯಲಿಲ್ಲ. ನನ್ನ ಮುಖ ನೋಡಿ ನಿಧಾನವಾಗಿ "ಪ್ರೊಷೆ" ಎಂದರು. ನಾನು ಮತ್ತೆ "ಪ್ರೊಶೆ" ಎಂದೆ. ಅವರು ಮತ್ತೆ "ಪ್ರೊಷೆ" ಎಂದರು. ಹಿಂದೆ ಮೂರು ಜನ ಕಾಯುತ್ತಿದ್ದರು. ನನಗೆ ನಿಜವಾಗಿಯೂ ಅವಮಾನವಾಯಿತು. ಮೂರನೇ ಸಲ ನಾಲಿಗೆ ಮಡಚಿ ಹೇಳಿದ ಮೇಲೆ ಬ್ರೆಡ್ ಕೈಗೆ ಬಂತು. ಅಜ್ಜಿಯ ಮುಖದಲ್ಲಿ ದೊಡ್ಡ ನಗು.

ಆ ಶನಿವಾರ ಪೋಲಿಶ್ ಕ್ಲಾಸಿನಲ್ಲಿ ಕಾರಣ ತಿಳಿಯಿತು. ‘ಪ್ರೊಷೆ’ ಎಂದರೆ ದಯವಿಟ್ಟು. ‘ಪ್ರೊಶೆ’ ಎಂದರೆ ಹಂದಿಮರಿ.

ಪೋಲಿಶ್‌ನಲ್ಲಿ ಸ, ಶ, ಷ ಮೂರೂ ಬೇರೆ ಬೇರೆ, ಹೆಚ್ಚುಕಡಿಮೆ ನಮ್ಮವೇ. ಕಾಸಾ ಅಂದರೆ ದುಡ್ಡು ಕಟ್ಟುವ ಕೌಂಟರ್. ಕಾಷಾ ಅಂದರೆ ನುಚ್ಚಿನಂಥ ಧಾನ್ಯ, ಬೇಯಿಸಿ ತಿನ್ನುತ್ತಾರೆ. ಕಾಶಾ ಒಂದು ಹುಡುಗಿಯ ಹೆಸರು. ನಮ್ಮ ಕ್ಲಾಸಿನ ಇಂಗ್ಲಿಷ್ ಹುಡುಗನಿಗೆ ಕೊನೆಯ ಎರಡೂ ಒಂದೇ ಥರ ಕೇಳಿಸುತ್ತಿದ್ದವು. ನಾನಾದರೂ ಹೊಟ್ಟೆ ಸೀಳಿದ ಷ ಬರೆದು ಬರೆದು ಬೆಳೆದವಳು. ಬರೆಯುವಾಗ ತಪ್ಪಿಲ್ಲ. ಆದರೆ ಮಾತಿನಲ್ಲಿ ಭಾಷೆಯೂ ‘ಭಾಶೆ’, ವಿಷಯವೂ ‘ವಿಶ್ಯ’. ಇಷ್ಟು ವರ್ಷ ಅದನ್ನು ಯಾರೂ ತಿದ್ದಿರಲಿಲ್ಲ. ಮೂರನೇ ಕ್ಲಾಸಿನ ಮೇಷ್ಟ್ರು ಒಬ್ಬರೇ ಕೈಯಲ್ಲಿ ಕೋಲು ಹಿಡಿದು ಷ, ಷ ಎನ್ನುತ್ತಿದ್ದರು. ಅವರ ಬೆಲೆ ನನಗೆ ತಿಳಿದದ್ದು ಈ ಬೇಕರಿಯಲ್ಲಿ.

ಕ್ರಿಯಾಪದಗಳ ವಿಷಯಕ್ಕೆ ಬಂದರೆ ಕನ್ನಡ ಗೊತ್ತಿರುವುದು ದೊಡ್ಡ ಪುಣ್ಯ. ‘ಮಾಡ್ತೀನಿ, ಮಾಡ್ತೀಯ’ ಅಂದರೆ ಸಾಕು, ‘ನಾನು, ನೀನು’ ಬೇಕಿಲ್ಲ ಅಲ್ವಾ? ಇಲ್ಲೂ ಹಾಗೇ. ‘ರೊಬ್ಯೆ’ ಅಂದರೆ ಮಾಡ್ತೀನಿ, ‘ರೊಬಿಷ್’ ಅಂದರೆ ಮಾಡ್ತೀಯ. ಕಷ್ಟ ಇರುವುದು ಬೇರೆ ಕಡೆ. ಅದೇ ‘ಪ್ರೊಷೆ’ ಮೂಲದಲ್ಲಿ ಒಂದು ಕ್ರಿಯಾಪದ: ನಾನು ಕೇಳಿಕೊಳ್ಳುತ್ತೇನೆ ಅಂತ. ‘ನಾನು’ ಆದರೆ ಪ್ರೊಷೆ, ‘ನೀನು’ ಆದರೆ ಪ್ರೊಶಿಷ್. ಒಂದೇ ಪದದೊಳಗೆ ಷ ಹೋಗಿ ಶ ಬರುತ್ತದೆ. ಹೋಗುವುದಕ್ಕೂ ನಡೆದು ಹೋದರೆ ಒಂದು ಪದ, ಗಾಡಿಯಲ್ಲಿ ಹೋದರೆ ಇನ್ನೊಂದು.

ಇನ್ನೊಂದು ಸೋಮವಾರ ಅಜ್ಜಿ, ಎರಡು ದಿನ ಕಾಣಲಿಲ್ಲವಲ್ಲ ಎಂದು ಕೇಳಿದರು. ಪ್ರಾಗ್‌ನಲ್ಲಿ ಇದ್ದೆ ಎನ್ನಲು "ಬಿವೆಮ್" ಎಂದೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗ ಹೇಳುವುದನ್ನು ಕೇಳಿ ಕಲಿತದ್ದು. ಅಜ್ಜಿ ತಲೆ ಅಲ್ಲಾಡಿಸಿದರು. "ಬಿವಾಮ್." ಗಂಡಸು ಹೇಳಿದರೆ ಬಿವೆಮ್, ಹೆಂಗಸು ಹೇಳಿದರೆ ಬಿವಾಮ್. ನಮ್ಮಲ್ಲಿ ಬಂದನು, ಬಂದಳು ಬೇರೆ ಇದ್ದರೂ ನಾನು ಬಂದೆ ಎನ್ನುವಾಗ ಆ ಭೇದ ಇಲ್ಲ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಬಂದಿದ್ದರೂ ತಿದ್ದುತ್ತಿದ್ದರು ಅಂತ ನನ್ನ ನಂಬಿಕೆ.

ಅವತ್ತು ಮನೆಗೆ ನಡೆದು ಬರುವಾಗ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಹುಡುಗ ನೆನಪಾದ. ಒಡಿಶಾದವನು. ಹೋದ ಸಲ ಊರಿಗೆ ಹೋದಾಗ ಗೇಟಿನ ಹತ್ತಿರ ಓಡಿ ಬಂದು "ಅಕ್ಕಾ, ನೀರು ಬಂದ" ಎಂದಿದ್ದ. ಟ್ಯಾಂಕರ್ ಬಂದಿತ್ತು. ನಾನೂ ತಂಗಿಯೂ ನಕ್ಕುಬಿಟ್ಟೆವು. ಆಮೇಲೆ ನಾನು "ಠೀಕ್ ಹೈ ಭಯ್ಯಾ" ಎಂದು ಹಿಂದಿಯಲ್ಲೇ ಉತ್ತರ ಕೊಟ್ಟೆ. ‘ಬಂದ ಅಲ್ಲ, ಬಂತು’ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ನಾನಿದ್ದ ಇನ್ನೂ ಮೂರು ವಾರ ಅವನು ನನ್ನ ಹತ್ತಿರ ಒಂದು ಕನ್ನಡ ಪದ ಆಡಲಿಲ್ಲ.

ಬೇರೆಯವರು ಕನ್ನಡ ಕಲಿಯುವುದಿಲ್ಲ ಎಂದು ನಾವು ಬೇಜಾರು ಮಾಡಿಕೊಳ್ಳುತ್ತೇವೆ. ಒಬ್ಬ ಬಾಯಿ ತೆರೆದರೆ ನಗುತ್ತೇವೆ, ಇಲ್ಲವೇ ಅವನ ಭಾಷೆಗೆ ಜಾರುತ್ತೇವೆ. ತಪ್ಪು ಮಾತಾಡಿದವನನ್ನು ನಿಲ್ಲಿಸಿ ತಿದ್ದುವುದು ನಮಗೆ ಒರಟುತನ ಅನಿಸುತ್ತದೆ. ನನಗೂ ಹಾಗೇ ಅನಿಸುತ್ತಿತ್ತು. ತಿದ್ದಿಸಿಕೊಂಡ ಮೇಲೆ ಹಾಗೆ ಅನಿಸುತ್ತಿಲ್ಲ. ಇವಳಿಗೆ ನನ್ನ ಮಾತು ಬರುತ್ತದೆ ಅನ್ನುವ ನಂಬಿಕೆ ಆ ಅಜ್ಜಿಗೆ ಇತ್ತು. ನನ್ನ ನಗುವಿನಲ್ಲಿ ಅದು ಇರಲಿಲ್ಲ.

ಈ ಜನ ಭಾಷೆಯನ್ನು ಸುಮ್ನೆ ಹೀಗೆ ಹಿಡಿದುಕೊಂಡಿಲ್ಲ. 1795ರಿಂದ 1918ರವರೆಗೆ, 123 ವರ್ಷ, ಪೋಲೆಂಡ್ ಎಂಬ ದೇಶ ನಕಾಶೆಯಲ್ಲೇ ಇರಲಿಲ್ಲ. 1901ರಲ್ಲಿ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಆಳ್ವಿಕೆಯಲ್ಲಿದ್ದ ವ್ಝೆಶ್ನ್ಯಾ ಎಂಬ ಊರಿನ ಶಾಲಾ ಮಕ್ಕಳು ಧರ್ಮಪಾಠವನ್ನು ಜರ್ಮನ್‌ನಲ್ಲಿ ಓದುವುದಿಲ್ಲ ಎಂದು ಪಟ್ಟು ಹಿಡಿದು ಬೆತ್ತದ ಏಟು ತಿಂದಿದ್ದರು. ವ್ರೊತ್ಸ್ವಾಫ್ ಕೂಡ 1945ರವರೆಗೆ ಬ್ರೆಸ್ಲಾವ್ ಎಂಬ ಜರ್ಮನ್ ಊರು. ಯುದ್ಧದ ನಂತರ ಜರ್ಮನ್ನರನ್ನು ಹೊರಗೆ ಕಳಿಸಿದರು. ಪೂರ್ವದಲ್ಲಿ ಮನೆ ಕಳೆದುಕೊಂಡ ಪೋಲಿಶ್ ಜನ ಇಲ್ಲಿಗೆ ಬಂದರು. ಬೇಕರಿ ಅಜ್ಜಿಯ ಅಪ್ಪ ಅಮ್ಮ ಬಂದದ್ದು ಈಗ ಉಕ್ರೇನಿನಲ್ಲಿರುವ ಎಲ್ವಿವ್ ಕಡೆಯಿಂದ. ಮಾತು ಒಂದು ಬಿಟ್ಟು ಬೇರೆ ಏನನ್ನೂ ತರಲಿಲ್ಲ ಎಂದು ಅವರೇ ಒಮ್ಮೆ ಹೇಳಿದರು. ನನಗೆ ಅರ್ಧ ಮಾತ್ರ ಅರ್ಥವಾಯಿತು, ಅಷ್ಟು ಸಾಕಾಯಿತು.

ಎಲ್ಲರೂ ಆ ಅಜ್ಜಿಯ ಥರ ಇಲ್ಲ ಎನ್ನುವುದನ್ನೂ ಹೇಳಬೇಕು. ಒಂದು ಕೌಂಟರಿನಲ್ಲಿ, ಪೋಲಿಶ್ ಬರುವವರನ್ನು ಕರೆದುಕೊಂಡು ಬಾ ಎಂದು ಕಾಗದ ವಾಪಸ್ ತಳ್ಳಿದ್ದರು. ಅವತ್ತು ಟ್ರಾಮಿನಲ್ಲಿ ಅತ್ತಿದ್ದೆ. ಚಿಕ್ಕ ವಯಸ್ಸಿನವರು ನನ್ನ ಮುಖ ಕಂಡ ತಕ್ಷಣ ಇಂಗ್ಲಿಷ್‌ಗೆ ತಿರುಗುತ್ತಾರೆ, ನಮ್ಮ ಹಾಗೇ. ಮತ್ತೆ ಇಲ್ಲಿ ಹೆಚ್ಚಿನವರದು ಒಂದೇ ಭಾಷೆ. ನಮ್ಮ ಅಂಗಡಿಯವನು ಬೆಳಿಗ್ಗೆಯಿಂದ ತಮಿಳು, ತೆಲುಗು, ಉರ್ದು, ತುಳು ಎಲ್ಲ ಆಡಿ ವ್ಯಾಪಾರ ಮಾಡುತ್ತಾನೆ. ಅದು ಸಣ್ಣ ವಿಷಯ ಅಲ್ಲ.

ಮೊನ್ನೆ ಫೋನಿನಲ್ಲಿ ಅಮ್ಮನಿಗೆ, ಆ ಹುಡುಗನಿಗೆ ಸ್ವಲ್ಪ ಕನ್ನಡ ತಿದ್ದಿ ಹೇಳು ಎಂದೆ. "ರಾತ್ರಿಯೆಲ್ಲ ಚಳಿಯಲ್ಲಿ ಕೂತಿರ್ತಾನೆ ಪಾಪ," ಎಂದರು ಅಮ್ಮ. "ಊಟ ಆಯ್ತಾ ಅಂತ ಅವನಿಗೆ ತಿಳಿಯೋ ಮಾತಲ್ಲಿ ಕೇಳ್ತೀನಿ. ನಿನಗೆ ಬೇಕಿದ್ರೆ ನೀನೇ ಬಂದು ಹೇಳಿಕೊಡು." ಅಮ್ಮ ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಡಿಸೆಂಬರಿನಲ್ಲಿ ಊರಿಗೆ ಹೋಗುತ್ತಿದ್ದೇನೆ. ಅವನು ಇನ್ನೂ ಅದೇ ಗೇಟಿನಲ್ಲಿ ಇದ್ದರೆ ಕನ್ನಡದಲ್ಲೇ ಮಾತಾಡಿಸುತ್ತೇನೆ.