ಸ್ಯಾಟಲೈಟ್ ಒಂದೇ ದಾರಿ ಅಲ್ಲ ಕಣ್ರೀ

ಸಬ್‌ಸ್ಟಾರ್ಮ್ (ಸೂರ್ಯನಿಗೆ ವಿರುದ್ಧ ದಿಕ್ಕಲ್ಲಿ ಚಾಚಿರೋ ಭೂಮಿಯ ಕಾಂತಗೋಳದ ಬಾಲದಲ್ಲಿ ಕೂಡಿದ್ದ ಶಕ್ತಿ ಒಮ್ಮೆಲೇ ಬಿಡುಗಡೆಯಾಗೋದು) ಟೈಮಲ್ಲಿ ವಾತಾವರಣಕ್ಕೆ ಸುರಿಯೋ ಎಲೆಕ್ಟ್ರಾನ್‌ಗಳನ್ನ ಸ್ಯಾಟಲೈಟಿಂದ ಮಾತ್ರ ನೋಡೋಕಾಗೋದು ಅಂತ ಲೇಖನದಲ್ಲಿ ಬರ್ದಿದೀರಲ್ಲ ಸಾರ್, ಅದನ್ನ ಒಪ್ಪಕ್ಕಾಗಲ್ಲ. ಕಡಿಮೆ ಎತ್ತರದಲ್ಲಿ ಸುತ್ತೋ ಸ್ಯಾಟಲೈಟು ಒಂದು ಜಾಗದ ಮೇಲೆ ಕೆಲವೇ ನಿಮಿಷ ಇದ್ದು ಹೋಗ್ಬಿಡುತ್ತೆ, ಸಬ್‌ಸ್ಟಾರ್ಮ್ ಶುರುವಾಗಿ ತಣ್ಣಗಾಗೋಕೆ ಗಂಟೆಗಟ್ಲೆ ಬೇಕು, ಮಧ್ಯೆ ಅಲ್ಲೇನಾಯ್ತು ಅಂತ ಹೆಂಗೆ ಹೇಳ್ತೀರ? ನೆಲದ ಮೇಲಿರೋ ರಿಯೋಮೀಟರ್ ಅದೇ ಜಾಗನ ಹಗಲು ರಾತ್ರಿ ಬಿಡದೆ ನೋಡುತ್ತೆ. ಬಾಹ್ಯಾಕಾಶದಿಂದ ಬರೋ 30 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೋ ನಾಯ್ಸ್ ಅಳೀತಾ ಇರುತ್ತೆ, 30 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಜಾಸ್ತಿ ಶಕ್ತಿಯ ಎಲೆಕ್ಟ್ರಾನ್‌ಗಳು 100 ಕಿಮೀಗಿಂತ ಕೆಳಗೆ ನುಗ್ಗಿ ಗಾಳಿನ ಅಯಾನೀಕರಿಸಿದ್ರೆ ಆ ಗಾಳಿ ನಾಯ್ಸನ್ನ ಅಲ್ಲೇ ಹೀರ್ಕೊಳ್ಳುತ್ತೆ, ನೆಲಕ್ಕೆ ಬರೋದು ಕಮ್ಮಿ ಆಗುತ್ತೆ, ಅದರಿಂದಲೇ ಎಲೆಕ್ಟ್ರಾನ್ ಸುರೀತು ಅಂತ ಗೊತ್ತಾಗೋದು. ಮೋಡ ಇದ್ರೂ ಬಿಸಿಲಿದ್ರೂ ನಡೆಯುತ್ತೆ, ಅರೋರಾ (ಧ್ರುವಗಳ ಕಡೆ ಆಕಾಶದಲ್ಲಿ ಕಾಣೋ ಬೆಳಕು) ಹಿಡಿಯೋ ಕ್ಯಾಮೆರಾಗೆ ಅದಾಗಲ್ಲ. ಒಂದೊಂದು ಎಲೆಕ್ಟ್ರಾನಿನ ಶಕ್ತಿ ಎಷ್ಟು ಅಂತ ಬಿಡಿಸಿ ಹೇಳೋಕೆ ಸ್ಯಾಟಲೈಟೋ ರಾಕೆಟ್ಟೋ ಬೇಕು, ಅದು ನಿಜ. ಆದ್ರೆ ಅಂಟಾರ್ಕ್ಟಿಕಾದ ನಮ್ಮ ಮೈತ್ರಿ ಸ್ಟೇಷನ್ನಿನ ರಿಯೋಮೀಟರಲ್ಲೇ ಸಬ್‌ಸ್ಟಾರ್ಮ್ ಸ್ಟಡಿ ಮಾಡಿದಾರೆ, ಲೇಖನದಲ್ಲಿ ಅದರ ಹೆಸರೇ ಇಲ್ಲ ಅಂದ್ರೆ ಬೇಜಾರಾಗುತ್ತೆ!

ಮೈಸೂರಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳ್ಕೊಡ್ತೀನಿ, ಹಿಂಗೆ ಎಲೆಕ್ಟ್ರಾನ್ ಸುರಿಯೋದು ನಮ್ಮೂರಲ್ಲಿ ಯಾಕೆ ಆಗಲ್ಲ ಅಂತ ಕೇಳ್ತಾರೆ. ಎಲೆಕ್ಟ್ರಾನ್‌ಗಳು ಕಾಂತರೇಖೆ ಹಿಡ್ಕೊಂಡೇ ಸಾಗೋದು, ಇಲ್ಲಿ ಭೂಮಿಯ ಕಾಂತರೇಖೆಗಳು ನೆಲಕ್ಕೆ ಹೆಚ್ಚುಕಮ್ಮಿ ಸಮಾನಾಂತರ, ಕಾಂತಗೋಳದ ಬಾಲದಿಂದ ಬರೋ ಎಲೆಕ್ಟ್ರಾನ್ ಇಳಿಯೋಕೆ ದಾರಿನೇ ಇಲ್ಲ. ಇದನ್ನೂ ಸೇರಿಸಿ, ಆ 'ಮಾತ್ರ' ಅನ್ನೋದನ್ನ ದಯವಿಟ್ಟು ತೆಗೀರಿ.