ಕಾರಟಗಿಯ ಕಾಟಾ ಯಾರ ಪಾಲಿಗೆ?

ಗಂಗಾವತಿ, ಕಾರಟಗಿ ಸುತ್ತಲಿನ ರೈಸ್ ಮಿಲ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ನೆಲ್ಲಿನ ಸುಗ್ಗಿ ಬಂದರೆ ಫೋನಿಗೆ ಬಿಡುವಿಲ್ಲ. 2022ರ ಡಿಸೆಂಬರ್‌ನಲ್ಲಿ ಕಾರಟಗಿಯ ಒಂದು ಮಿಲ್‌ನ ಗುಮಾಸ್ತ ಬೆಳಿಗ್ಗೆ ಆರೂವರೆಗೇ ಕರೆ ಮಾಡಿದ. "ಅಣ್ಣಾ, ಕಾಟಾ ಕೈಕೊಟ್ಟಿದೆ. ಹನ್ನೊಂದು ಟ್ರ್ಯಾಕ್ಟರ್ ರಸ್ತೆಯವರೆಗೆ ನಿಂತಿವೆ. ಸಾಹುಕಾರರು ನಿಮ್ಮನ್ನೇ ಕೇಳುತ್ತಿದ್ದಾರೆ."

ಹೋಗಿ ನೋಡಿದರೆ ಟ್ರ್ಯಾಕ್ಟರ್ ತೂಗುವ ಆ ಕಾಟಾಕ್ಕೆ ಏನೂ ಆಗಿರಲಿಲ್ಲ. ತೂಕ ತೋರಿಸುವ ಡಬ್ಬಿಯ ಮೇಲೆ ಕೆಂಪು ಅಂಕಿಗಳು ಸರಿಯಾಗಿಯೇ ಹೊಳೆಯುತ್ತಿದ್ದವು. ಕಂಪ್ಯೂಟರಿಗೆ ಮಾತ್ರ ತಲುಪುತ್ತಿರಲಿಲ್ಲ. ಹಿಂದಿನ ಸಂಜೆ ಅಲ್ಲಿದ್ದ ಹಳೆಯ ವಿಂಡೋಸ್ ಯಂತ್ರವನ್ನು ತೆಗೆದು ಉಬುಂಟು 22.04 ಎಂಬ ಲಿನಕ್ಸ್ ಹಾಕಿದವನು ನಾನೇ ಆದ್ದರಿಂದ ಬೈಗುಳವೂ ನನ್ನ ಪಾಲಿನದೇ.

ತೂಕದ ಡಬ್ಬಿಗಳು ಹೆಚ್ಚಾಗಿ ಇಂದಿಗೂ ಆರ್‌ಎಸ್-232 ಎಂಬ ಹಳೆಯ ಸೀರಿಯಲ್ ಕೇಬಲ್‌ನಲ್ಲೇ ಮಾತನಾಡುತ್ತವೆ. ಹೊಸ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಆ ಪೋರ್ಟ್ ಇರುವುದಿಲ್ಲ, ನಡುವೆ ಒಂದು ಯುಎಸ್‌ಬಿ ಪರಿವರ್ತಕ ಬೇಕು. ಅದರೊಳಗಿನ ಅಗ್ಗದ ಸಿಎಚ್340 ಚಿಪ್‌ಗೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ವರ್ಷಗಳಿಂದ ಡ್ರೈವರ್, ಅಂದರೆ ಅದನ್ನು ನಡೆಸುವ ಪ್ರೋಗ್ರಾಂ, ಇದೆ. ಚುಚ್ಚಿದರೆ ಸಾಕು, ನಡೆಯಬೇಕು. ಕರ್ನಲ್‌ನ ದಾಖಲೆ ತೆಗೆದು ಓದಿದೆ. ಡ್ರೈವರ್ ಅಂಟಿಕೊಂಡಿತ್ತು, ಮರುಕ್ಷಣವೇ ಯಾರೋ ಅದನ್ನು ಕಿತ್ತು ಹಾಕಿದ್ದರು. ಕಿತ್ತವರ ಹೆಸರೂ ಅಲ್ಲೇ ಇತ್ತು: ಬಿಆರ್‌ಎಲ್‌ಟಿಟಿವೈ.

ಇದು ಪರದೆಯ ಮೇಲಿನ ಅಕ್ಷರಗಳನ್ನು ಅಂಧರ ಬ್ರೈಲ್ ಫಲಕಕ್ಕೆ ಕಳಿಸುವ ಪ್ರೋಗ್ರಾಂ. ಕರ್ನಲ್‌ನ ಹೊರಗೆ, ಯೂಸರ್‌ಸ್ಪೇಸ್ ಎನ್ನುತ್ತೇವಲ್ಲ, ಅಲ್ಲಿ ಓಡುತ್ತದೆ. ಒಂದು ಬ್ರೈಲ್ ಸಾಧನಕ್ಕೂ ನಮ್ಮ ಪರಿವರ್ತಕಕ್ಕೂ ಗುರುತಿನ ಸಂಖ್ಯೆ ಒಂದೇ: 1ಎ86:7523. ಆ ಉಬುಂಟುವಿನಲ್ಲಿ ಸಂಖ್ಯೆ ಹೊಂದಿದ್ದೇ ತಡ, ಸಾಧನ ಚುಚ್ಚಿದಾಗ ಏನಾಗಬೇಕೆಂದು ಹೇಳುವ ಯುಡೆವ್ ನಿಯಮ ಈ ಪ್ರೋಗ್ರಾಂ ಅನ್ನು ಎಬ್ಬಿಸುತ್ತಿತ್ತು. ಅದು ಕರ್ನಲ್ ಡ್ರೈವರನ್ನು ಪಕ್ಕಕ್ಕೆ ಸರಿಸಿ, ನಲವತ್ತು ಟನ್ ತೂಗುವ ಕಾಟಾವನ್ನು ಬ್ರೈಲ್ ಫಲಕವೆಂದು ತಬ್ಬಿಕೊಂಡು ಕೂರುತ್ತಿತ್ತು! ಆ ವರ್ಷ ಆರ್ಡ್ಯುಯಿನೋ ಎಂಬ ಪುಟ್ಟ ಕಲಿಕೆಯ ಬೋರ್ಡ್ ಹಿಡಿದ ಎಷ್ಟೋ ವಿದ್ಯಾರ್ಥಿಗಳೂ ಇದೇ ಗುಂಡಿಗೆ ಬಿದ್ದರು. ಆ ಪ್ಯಾಕೇಜನ್ನೇ ಕಿತ್ತೆಸೆಯಿರಿ ಎಂಬುದು ಎಲ್ಲರ ಸಲಹೆ. ನನಗೆ ಮನಸ್ಸಾಗಲಿಲ್ಲ. ನಾಳೆ ಆ ಕುರ್ಚಿಯಲ್ಲಿ ಬ್ರೈಲ್ ಓದುವ ಲೆಕ್ಕಿಗರು ಕೂರಬಾರದೆಂದು ಹೇಳಲು ನಾನು ಯಾರು? ನಿಯಮದ ಆ ಒಂದು ಸಾಲನ್ನಷ್ಟೇ ಮುಚ್ಚಿದೆ. ತೂಕ ಬಂತು.

ಈಗ ಇದನ್ನು ಬರೆಯಲು ಕಾರಣವಿದೆ. 2024ರ ಜುಲೈ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು. ಆ ಅಪ್‌ಡೇಟನ್ನು ಓದುತ್ತಿದ್ದುದು ಕರ್ನಲ್‌ನೊಳಗೆ ಕೂತ ಡ್ರೈವರ್; ಅದು ಮುಗ್ಗರಿಸಿದರೆ ಇಡೀ ಯಂತ್ರವೇ ಮುಗ್ಗರಿಸುತ್ತದೆ. ಅಂದಿನಿಂದ ನಮ್ಮ ಕಸುಬಿನ ಗೆಳೆಯರದು ಒಂದೇ ಹಾಡು: ಎಲ್ಲವನ್ನೂ ಕರ್ನಲ್‌ನಿಂದ ಹೊರಗೆ ಹಾಕಿ. ಮುಂದಿನ ತಿಂಗಳು, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ನೀರು ನದಿಗೆ ಹೋಯಿತು. ನಮ್ಮ ಕಡೆಯವರಿಗೆ ವ್ಯತ್ಯಾಸ ತಿಳಿಸಲು ಬೇರೆ ಉದಾಹರಣೆ ಬೇಕಿಲ್ಲ. ಕರ್ನಲ್‌ನಲ್ಲಿ ತಪ್ಪಾದರೆ ಅದು ಡ್ಯಾಮಿನ ಗೇಟು, ಹೊರಗೆ ತಪ್ಪಾದರೆ ಹೊಲದ ತೂಬು.

ಒಪ್ಪುತ್ತೇನೆ. ಆದರೆ ಕಾರಟಗಿಯಲ್ಲಿ ಅಂದು ಕೈಕೊಟ್ಟದ್ದು ತೂಬೇ. ಕಂಪ್ಯೂಟರ್ ಬೀಳಲಿಲ್ಲ, ಪರದೆ ನೀಲಿಯಾಗಲಿಲ್ಲ, ಆದರೂ ಹನ್ನೊಂದು ಟ್ರ್ಯಾಕ್ಟರ್ ನಿಂತವು.

ಹಾಗಂತ ಎಲ್ಲವೂ ಕರ್ನಲ್‌ನೊಳಗೆ ಇರಲಿ ಎನ್ನುವವನೂ ನಾನಲ್ಲ. ಇನ್ನೊಂದು ಮಿಲ್‌ನಲ್ಲಿ ಚೀಲದ ಲೇಬಲ್ ಮುದ್ರಿಸುವ ಪ್ರಿಂಟರ್ ಇತ್ತು. ಮಾರಿದ ಕಂಪನಿಯವರು ಲಿನಕ್ಸ್‌ಗೆಂದು ಒಂದೇ ಕರ್ನಲ್ ಆವೃತ್ತಿಗೆ ಕಟ್ಟಿದ ಮುಚ್ಚಿದ ಡ್ರೈವರ್ ಕೊಟ್ಟು ಕೈತೊಳೆದುಕೊಂಡರು. ಕರ್ನಲ್ ಅಪ್‌ಡೇಟ್ ಆದ ದಿನ ಅದು ಸತ್ತಿತು. ಕರ್ನಲ್‌ನ ಒಳಗಿನ ಇಂಟರ್‌ಫೇಸ್‌ಗಳು ಬದಲಾಗುತ್ತಲೇ ಇರುತ್ತವೆ. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಹಟ ಹಿಡಿದು ಕಾಯುವುದು ಹೊರಗಿನ ಪ್ರೋಗ್ರಾಂಗಳಿಗೆ ಕೊಟ್ಟ ಮಾತನ್ನು. ಮೂಲ ಸಂಕೇತವನ್ನು ಕರ್ನಲ್‌ಗೇ ಕೊಟ್ಟು ಅಲ್ಲಿಯೇ ಬಾಳಿ, ಇಲ್ಲವೇ ಹೊರಗಿರಿ. ನಡುಬಾಗಿಲಲ್ಲಿ ಕೂತವರನ್ನು ನಾನು ನಂಬುವುದಿಲ್ಲ. ಅಷ್ಟಕ್ಕೂ ಪ್ರಿಂಟರಿಗೆ ಅದು ಬೇಕೇ ಇರಲಿಲ್ಲ. ಲಿನಕ್ಸ್‌ನಲ್ಲಿ ಪುಟ ಜೋಡಿಸುವುದು, ಬಣ್ಣ ಲೆಕ್ಕ ಹಾಕುವುದು ಎಲ್ಲ ಮುದ್ರಣ ನೋಡಿಕೊಳ್ಳುವ ಸಿಯುಪಿಎಸ್‌ನಂಥ ಹೊರಗಿನ ಪ್ರೋಗ್ರಾಂಗಳೇ. ಕರ್ನಲ್ ಬೈಟ್‌ಗಳನ್ನು ದಾಟಿಸುತ್ತದೆ, ಅಷ್ಟೆ.

ನನ್ನ ಕಾಟಾ ಪ್ರೋಗ್ರಾಂ ಕೂಡ ಹಾಗೆಯೇ: ಪೈಥಾನ್ ಭಾಷೆಯಲ್ಲಿ ನಲವತ್ತು ಸಾಲು. ಡಬ್ಬಿ ಕಳಿಸುವ ಸಾಲಿನಲ್ಲಿ ಯಾವುದು ತೂಕ, ಯಾವುದು ಕಸ ಎಂದು ಬೇರ್ಪಡಿಸುತ್ತದೆ. ಸತ್ತರೆ ತಾನೇ ಏಳುತ್ತದೆ. ಗಂಗಾವತಿಯ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ ಫೋನಿನಲ್ಲೇ ಅದನ್ನು ಸರಿಮಾಡಿಸಿದ್ದೇನೆ. ಇದನ್ನೇ ಕರ್ನಲ್‌ನೊಳಗೆ ಬರೆಯಿರಿ ಎಂದರೆ ನನಗೆ ಧೈರ್ಯವಿಲ್ಲ, ಬರೆದವರ ಮೇಲೆ ನಂಬಿಕೆಯೂ ಇಲ್ಲ. ಡಿಸ್ಕ್, ನೆಟ್‌ವರ್ಕ್ ಕಾರ್ಡ್‌ಗಳ ಮಾತು ಬೇರೆ. ಹತ್ತು ಪ್ರೋಗ್ರಾಂಗಳು ಏಕಕಾಲಕ್ಕೆ ಕೈಯೊಡ್ಡುವ, ಮೆಮೊರಿಯನ್ನು ನೇರವಾಗಿ ಮುಟ್ಟುವ ಸಾಧನಗಳಿಗೆ ಕರ್ನಲ್‌ನ ಹಿಡಿತ ಬೇಕೇ ಬೇಕು.

ನನ್ನ ತಕರಾರು ಇಷ್ಟೇ. ಹೊರಗಿನ ಪ್ರೋಗ್ರಾಂ ಸಾಧನವನ್ನು ನಡೆಸಲಿ, ಆದರೆ ಸಂಖ್ಯೆ ಹೊಂದಿತೆಂದು ಕರ್ನಲ್‌ನ ಕೈಯಿಂದ ಕಸಿದುಕೊಳ್ಳಬಾರದು. ಸಿಎಚ್340 ಹೇಳುವುದು "ನಾನು ಸೀರಿಯಲ್ ವೈರು" ಎಂದಷ್ಟೇ. ವೈರಿನ ಆಚೆ ತುದಿಯಲ್ಲಿರುವುದು ಬ್ರೈಲ್ ಫಲಕವೋ, ನೆಲ್ಲಿನ ಟ್ರ್ಯಾಕ್ಟರೋ, ಅದನ್ನು ಯಂತ್ರದ ಯಜಮಾನನನ್ನು ಕೇಳಿ ತಿಳಿಯಬೇಕು.

ಈಗ ನಾನು ಹೋದಲ್ಲೆಲ್ಲ ಯುಡೆವ್‌ನಲ್ಲಿ ನನ್ನದೇ ನಿಯಮ ಬರೆದು ಆ ವೈರಿಗೆ "ಕಾಟಾ" ಎಂದೇ ಹೆಸರಿಡುತ್ತೇನೆ. ಈ ಅಗ್ಗದ ಚಿಪ್‌ಗಳಿಗೆ ಸಾಮಾನ್ಯವಾಗಿ ಸ್ವಂತ ಕ್ರಮಸಂಖ್ಯೆ ಇರುವುದಿಲ್ಲ, ಹಾಗಾಗಿ ಹೆಸರನ್ನು ಪೋರ್ಟಿಗೇ ಕಟ್ಟಬೇಕು. ಆ ಪೋರ್ಟಿನ ಮೇಲೆ ಬಿಳಿ ಪಟ್ಟಿ ಅಂಟಿಸಿ "ಇಲ್ಲಿ ಕಾಟಾ ಮಾತ್ರ" ಎಂದು ಬರೆದಿದ್ದೆ. ಮೊನ್ನೆ ಕಾರಟಗಿಗೆ ಹೋದಾಗ ಅದರಲ್ಲಿ ಗುಮಾಸ್ತನ ಮೊಬೈಲ್ ಚಾರ್ಜ್ ಆಗುತ್ತಿತ್ತು. ಕಾಟಾದ ವೈರು ಪಕ್ಕದ ಪೋರ್ಟಿನಲ್ಲಿತ್ತು. ಅವನು ಪೆನ್ನು ಹಿಡಿದು ಚೀಟಿಯ ಮೇಲೆ ತೂಕ ಬರೆಯುತ್ತಿದ್ದ.