ನಲಿಕಲಿ ಕೊಠಡಿಯ ಮೊದಲ 80 ನಿಮಿಷಕ್ಕೆ ಯಾರೂ ಕೈ ಹಾಕಬೇಡಿ

ನಲಿಕಲಿ ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಸರ್ಕಾರಿ ಶಾಲೆಯ ನಲಿಕಲಿ ಕೊಠಡಿಯನ್ನು ಬಾಗಿಲಲ್ಲಿ ನಿಂತು ನೋಡಿ ಹೋಗುವವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ಬರೀ ಗಲಾಟೆ, ಮೇಡಂ ಪಾಠಾನೇ ಮಾಡ್ತಿಲ್ಲ." ನೋಡಿದರೆ ಹಾಗೇ ಕಾಣುತ್ತದೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಬೆರೆತು ಕೂತಿರುತ್ತಾರೆ. ಒಬ್ಬಳು ಗೋಡೆಗೆ ಮುಖ ಮಾಡಿ ಬರೆಯುತ್ತಿರುತ್ತಾಳೆ, ಇಬ್ಬರು ಹುಣಸೆ ಬೀಜ ಎಣಿಸುತ್ತಿರುತ್ತಾರೆ, ಇನ್ನೊಬ್ಬ ಟ್ರೇ ಮುಂದೆ ನಿಂತು ಕಾರ್ಡು ಹುಡುಕುತ್ತಿರುತ್ತಾನೆ. ಮೇಡಂ ಮೂಲೆಯಲ್ಲಿ ಐದಾರು ಮಕ್ಕಳ ಜೊತೆ ನೆಲದ ಮೇಲೆ ಕೂತಿರುತ್ತಾರೆ. ಪಾಠ ನಡೆಯುತ್ತಿರುವುದು ಆ ಮೂಲೆಯಲ್ಲೇ. ಶಾಲೆಯ ಇಡೀ ದಿನದಲ್ಲಿ ಮಗುವಿಗೆ ಓದು ಬರುವುದೋ ಬಾರದೋ ತೀರ್ಮಾನವಾಗುವುದು ಅಲ್ಲೇ. ನಾವೆಲ್ಲ ಸೇರಿ ದಿನಾ ಕದಿಯುತ್ತಿರುವುದೂ ಅದೇ ಸಮಯವನ್ನು.

1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾದ ಪದ್ಧತಿ ಇದು. ಆಂಧ್ರದ ರಿಷಿ ವ್ಯಾಲಿಯ ಮಾದರಿಯನ್ನು ನಮ್ಮ ಶಿಕ್ಷಕರೇ ನೋಡಿ ಬಂದು, ಯುನಿಸೆಫ್ ಬೆಂಬಲದಲ್ಲಿ ಕನ್ನಡಕ್ಕೆ ಒಗ್ಗಿಸಿಕೊಂಡರು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಆದರೂ ಒಳಗೆ ಏನು ನಡೆಯುತ್ತದೆ ಅನ್ನುವುದು ಎಷ್ಟೋ ಪೋಷಕರಿಗೆ ಇವತ್ತಿಗೂ ಗೊತ್ತಿಲ್ಲ.

ನಡೆಯುವುದು ಹೀಗೆ. ಮಗು ಬಂದ ಕೂಡಲೇ ಹಾಜರಿ ಚಾರ್ಟಿನಲ್ಲಿ ತನ್ನ ಹೆಸರಿನ ಮುಂದೆ ತಾನೇ ಗುರುತು ಹಾಕಬೇಕು. ಹವಾಮಾನ ನಕ್ಷೆಯಲ್ಲಿ ಮೋಡವೋ ಬಿಸಿಲೋ ಅಂತ ತುಂಬಿಸಬೇಕು. ಆಮೇಲೆ ಕಲಿಯಬೇಕಾದ್ದನ್ನು ಹಂತ ಹಂತವಾಗಿ ತೋರಿಸುವ, ಗೋಡೆಯ ಮೇಲಿನ ಕಲಿಕಾ ಮೆಟ್ಟಿಲಿನಲ್ಲಿ ತಾನು ಎಲ್ಲಿದ್ದೇನೆ ಎಂದು ನೋಡಿ, ಆ ಮೆಟ್ಟಿಲಿನ ಚಿತ್ರ ಮತ್ತು ಸಂಖ್ಯೆ ನೆನಪಿಟ್ಟುಕೊಂಡು, ಟ್ರೇಯಿಂದ ಅದೇ ಕಾರ್ಡು ತೆಗೆದು, ಅದು ಹೇಳುವ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಕೂರಬೇಕು. ತಟ್ಟೆ ಐದು. ಮೊದಲನೆಯದು ಶಿಕ್ಷಕರ ಪೂರ್ಣ ಬೆಂಬಲದ್ದು. ಆಮೇಲೆ ಶಿಕ್ಷಕರ ಭಾಗಶಃ ಬೆಂಬಲ, ಸಹಪಾಠಿಗಳ ಪೂರ್ಣ ಬೆಂಬಲ, ಸಹಪಾಠಿಗಳ ಭಾಗಶಃ ಬೆಂಬಲ, ಕೊನೆಗೆ ಸ್ವಕಲಿಕೆ. ಹೊಸ ಅಕ್ಷರ, ಹೊಸ ಲೆಕ್ಕ ಎಲ್ಲವೂ ಹುಟ್ಟುವುದು ಮೊದಲ ತಟ್ಟೆಯಲ್ಲಿ. ಉಳಿದ ನಾಲ್ಕರಲ್ಲಿ ಅದು ಗಟ್ಟಿಯಾಗುತ್ತದೆ, ಅಷ್ಟೇ.

ಅಕ್ಷರ ಕಲಿಸುವ ಕ್ರಮವೂ ಅ ಆ ಇ ಈ ಅಲ್ಲ. ರ, ಗ, ಸ, ದ, ಅ. ಈ ಐದು ಬಂದರೆ ಸಾಕು, ಮಗು ಸರ, ರಸ, ಅರಸ, ಅಗಸ, ಸರಸರ ಅಂತ ಓದಬಲ್ಲದು. ಸುಮಾರು ಐವತ್ತು ಅಕ್ಷರ ಮುಗಿಯುವ ತನಕ ಒಂದು ಪದಕ್ಕೂ ಕಾಯಬೇಕಿಲ್ಲ. ಎರಡನೇ ಗುಂಪು ಜ, ವ, ಮ, ಬ, ನ. ಎಡವುವುದು ಇಲ್ಲೇ. ವ ಮತ್ತು ಮ ಒಟ್ಟಿಗೆ ಬರುತ್ತವೆ, ನೋಡಲು ಹತ್ತಿರ ಹತ್ತಿರ. ವ ಬರೆದು ಬಾಲ ಎಳೆದರೆ ಮ. ಬರೀ ನಕಲು ಮಾಡುವ ಮಗು ಕಾರ್ಡು ಎದುರಿಗಿದ್ದಾಗ ಎರಡನ್ನೂ ಚೆನ್ನಾಗಿಯೇ ಬರೆಯುತ್ತದೆ. ಕಾರ್ಡು ಮುಚ್ಚಿ 'ವನ' ಬರಿ ಅಂದರೆ 'ಮನ' ಬರೆಯುತ್ತದೆ. ಪಕ್ಕದಲ್ಲಿ ಕೂತು ಮಗುವಿನ ಕೈ ಎಲ್ಲಿ ನಿಲ್ಲುತ್ತದೆ ಎಂದು ನೋಡಿದವರಿಗೆ ಮಾತ್ರ ಈ ತಪ್ಪು ಸಿಗುತ್ತದೆ. ಬರೆದು ಮುಗಿಸಿದ ಪುಟಕ್ಕೆ ಸರಿ ಗುರುತು ಹಾಕುವವರಿಗೆ ಸಿಗುವುದಿಲ್ಲ.

ಇನ್ನೊಂದು ಮೋಸ ಚಿತ್ರದಿಂದ ಆಗುತ್ತದೆ. ಸರದ ಚಿತ್ರ ಕಂಡ ಕೂಡಲೇ 'ಸರ' ಅನ್ನುವ ಮಗು ಓದುತ್ತಿದೆ ಎಂದು ನಂಬಿ ಮುಂದಿನ ಮೆಟ್ಟಿಲಿಗೆ ದಾಟಿಸಿಬಿಡುತ್ತೇವೆ. ಚಿತ್ರವನ್ನು ಕೈಯಿಂದ ಮುಚ್ಚಿ, ಪದದ ಕೊನೆಯ ಅಕ್ಷರದ ಮೇಲೆ ಬೆರಳಿಟ್ಟು ಕೇಳಬೇಕು. 'ಅರಸ'ದಲ್ಲಿ ಸ ಎಲ್ಲಿದೆ, 'ಸರಸ'ದಲ್ಲಿ ಎಷ್ಟು ಸ ಇದೆ ಅಂತ ಕೇಳಬೇಕು. ಒಂದು ಮಗುವಿಗೆ ಇದಕ್ಕೆ ನಾಲ್ಕೈದು ನಿಮಿಷ ಬೇಕೇ ಬೇಕು. ಮನೆಯಲ್ಲಿ ಲಂಬಾಣಿ, ಉರ್ದು, ತುಳು ಆಡುವ ಮಗುವಾದರೆ ಇನ್ನೂ ಎರಡು ನಿಮಿಷ ಹೆಚ್ಚು. ಆ ಮಗುವಿಗೆ ಅಕ್ಷರದ ಜೊತೆ ಪದವೂ ಹೊಸದು. 'ಅಗಸ' ಅಂದರೆ ಯಾರು ಅಂತ ಗೊತ್ತಿಲ್ಲದೆ ಓದಿದರೆ ಅದು ಬರೀ ಸದ್ದು.

ಈಗ ಲೆಕ್ಕ ಹಾಕಿ. ಕೊಠಡಿಯಲ್ಲಿ 30 ಮಕ್ಕಳು, ಎರಡು ಪೀರಿಯಡ್ ಸೇರಿಸಿದ 80 ನಿಮಿಷದ ಕನ್ನಡ ಅವಧಿ. ಹಾಜರಿ, ಹವಾಮಾನ, ಒಂದು ಹಾಡು, ಕಾರ್ಡು ತೆಗೆದು ಕೂರುವುದು, ಇಷ್ಟಕ್ಕೆ 20 ನಿಮಿಷ ಹೋಯಿತು. ಉಳಿದ 60ರಲ್ಲಿ ಎರಡನೇ ತಟ್ಟೆಗೆ 15, ಉಳಿದವರ ಕೆಲಸ ನೋಡಲು 10. ಮೊದಲ ತಟ್ಟೆಗೆ ಸಿಗುವುದು 35. ಆರು ಮಕ್ಕಳಿದ್ದರೆ ತಲೆಗೆ ಆರು ನಿಮಿಷವೂ ಇಲ್ಲ. ಇದು ಎಲ್ಲವೂ ಸರಿಯಿದ್ದ ದಿನದ ಮಾತು. ಆ ಅವಧಿಯಿಂದ 20 ನಿಮಿಷ ಯಾರಾದರೂ ಕಿತ್ತುಕೊಂಡರೆ ಮೊದಲ ತಟ್ಟೆಯ ಮಗುವಿಗೆ ಉಳಿಯುವುದು ಎರಡೂವರೆ ನಿಮಿಷ. ಅಷ್ಟರಲ್ಲಿ ಕಾರ್ಡು ತೋರಿಸಿ "ಓದು" ಅನ್ನಬಹುದು. ಕಲಿಸಲಾಗದು.

ಕಿತ್ತುಕೊಳ್ಳುವವರು ಯಾರು? ಮೊದಲನೆಯದು, ಹೇಳಲು ಕಷ್ಟವಾದರೂ, ಹಾಲು. 2013ರಲ್ಲಿ ಬಂದ, ಶಾಲೆಯಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಬೇಕೇ ಬೇಕು. ಬೆಳಗ್ಗೆ ಏನೂ ತಿನ್ನದೆ ಬರುವ ಮಕ್ಕಳು ಪ್ರತಿ ಕೊಠಡಿಯಲ್ಲೂ ಇದ್ದಾರೆ. ಹಸಿದ ಮಗುವಿಗೆ ವ, ಮ ಎರಡೂ ಒಂದೇ. ತಕರಾರು ಹೊತ್ತಿನದು. ಮಗುವಿಗೆ 18 ಗ್ರಾಂ ಪುಡಿಯಲ್ಲಿ 150 ಮಿ.ಲೀ. ಹಾಲು, ಅಂದರೆ 30 ಮಕ್ಕಳಿಗೆ 540 ಗ್ರಾಂ ಪುಡಿ, ನಾಲ್ಕೂವರೆ ಲೀಟರ್ ಹಾಲು. ಪುಡಿಯನ್ನು ನೇರ ಕುದಿಯುವ ನೀರಿಗೆ ಸುರಿದರೆ ಗಂಟು ಕಟ್ಟುತ್ತದೆ, ಮಕ್ಕಳು ಆ ಗಂಟು ಕಂಡು ಲೋಟ ಪಕ್ಕಕ್ಕಿಡುತ್ತಾರೆ. ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಲ್ಲಿ ಕದಡಿ, ಆಮೇಲೆ ಬಿಸಿನೀರಿಗೆ ಸೇರಿಸಬೇಕು. ಅಡುಗೆಯವರು ಪ್ರಾರ್ಥನೆಯ ವೇಳೆಗೆ ಶಾಲೆಗೆ ಬಂದರೆ, ಹಾಲು ತಯಾರಾಗಿ, ಕುಡಿಯುವಷ್ಟು ಆರಿ, ಲೋಟ ತೊಳೆಯುವ ಹೊತ್ತಿಗೆ ಕನ್ನಡ ಅವಧಿ ಅರ್ಧ ಮುಗಿದಿರುತ್ತದೆ. ಅದೇ ಅಡುಗೆಯವರು ಅರ್ಧ ಗಂಟೆ ಮೊದಲು ಬಂದು, ಪ್ರಾರ್ಥನೆಗೆ ಮುಂಚೆಯೇ ಹಾಲು ಕೊಟ್ಟರೆ ಅವಧಿ ಪೂರ್ತಿ ಉಳಿಯುತ್ತದೆ. ಆ ಅರ್ಧ ಗಂಟೆಗೆ ಅವರ ಗೌರವಧನ ಹೆಚ್ಚಿಸಿ ಎಂದು ಕೇಳುವುದು ನ್ಯಾಯ, ಕೇಳಲೇಬೇಕು.

ಎರಡನೆಯದು ಮೊಬೈಲು. ಇವತ್ತು ಎಷ್ಟು ಮಕ್ಕಳು ಬಂದರು, ಎಷ್ಟು ಮಂದಿ ಊಟ, ಎಷ್ಟು ಮೊಟ್ಟೆ, ಎಷ್ಟು ಬಾಳೆಹಣ್ಣು, ಎಲ್ಲ ಆ್ಯಪ್‌ಗೆ ಹೋಗಬೇಕು. ನೆಟ್‌ವರ್ಕ್ ಇಲ್ಲದ ಊರಲ್ಲಿ ಮೇಡಂ ಫೋನ್ ಹಿಡಿದು ಅಂಗಳದ ಮೂಲೆ ಮೂಲೆ ಓಡಾಡುವುದು ಪಾಠದ ಹೊತ್ತಲ್ಲೇ. ಆ ಮಾಹಿತಿ ಮಧ್ಯಾಹ್ನ ಮೂರೂವರೆಗೆ ಹೋದರೆ ಏನು ಕೆಡುತ್ತದೆ? ಜೊತೆಗೆ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ, ಸಮೀಕ್ಷೆ, ತರಬೇತಿ, ತಾಲ್ಲೂಕು ಕೇಂದ್ರದ ಸಭೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗೆ ಮಾತ್ರ ಬಾಗಿಲು ತೆರೆದಿಟ್ಟಿದೆ. ಮತದಾರರ ಪಟ್ಟಿಯ ಕೆಲಸ ವರ್ಷವಿಡೀ ಒಳಬರುವುದು ಆ ಬಾಗಿಲಿನಿಂದಲೇ. ಅದೇ ಕಾಯ್ದೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಎನ್ನುತ್ತದೆ. ಇಬ್ಬರಲ್ಲಿ ಒಬ್ಬರು ಸಭೆಗೆ ಹೋದ ದಿನ ಐದೂ ತರಗತಿ ಒಂದೇ ಕೊಠಡಿಗೆ ಬರುತ್ತವೆ. ಆ ದಿನ ಮೊದಲ ತಟ್ಟೆ ಇರುವುದೇ ಇಲ್ಲ.

ಗಣಿತದ ಅವಧಿಗೂ ಇದೇ ಮಾತು. ಕನ್ನಡದ ಮಗುವಿಗೆ ಒಂದು ಅನುಕೂಲವಿದೆ: ಇಪ್ಪತ್ತೈದು ಅಂದಾಗ ಹತ್ತುಗಳು ಮೊದಲು, ಬಿಡಿ ಆಮೇಲೆ, ಬರೆಯುವ ಕ್ರಮವೂ ಅದೇ. ಆದರೂ ಕೇಳಿದ್ದನ್ನು ಹಾಗೇ ಬರೆಯುವ ಮಗು 205 ಬರೆಯುತ್ತದೆ, ಇಪ್ಪತ್ತು, ಪಕ್ಕದಲ್ಲಿ ಐದು. ಇದನ್ನು ಕೆಂಪು ಶಾಯಿಯಲ್ಲಿ ತಿದ್ದಿ ಪ್ರಯೋಜನವಿಲ್ಲ. ಹತ್ತು ಕಡ್ಡಿ ಎಣಿಸಿ ರಬ್ಬರ್ ಹಾಕಿಸಬೇಕು, ಅಂಥ ಎರಡು ಕಟ್ಟು ಎಡಕ್ಕೆ, ಐದು ಬಿಡಿ ಕಡ್ಡಿ ಬಲಕ್ಕೆ ಇಡಿಸಬೇಕು, ಕಟ್ಟು ಎಷ್ಟು ಎಂದು ಕೇಳಬೇಕು. "ಎರಡು" ಎಂದು ಮಗುವೇ ಹೇಳಿ ಕಟ್ಟಿನ ಕೆಳಗೆ 2 ಬರೆದ ಮೇಲೆ ಆ ಸೊನ್ನೆ ತಾನಾಗಿ ಬಿದ್ದುಹೋಗುತ್ತದೆ. ಶಿಕ್ಷಕರೇ ಕಟ್ಟಿ ತಂದ ಕಟ್ಟುಗಳನ್ನು ತೋರಿಸಿದರೆ ಇದು ಆಗುವುದಿಲ್ಲ. ಎಣಿಸಿದ ಕೈ ಮಗುವಿನದೇ ಆಗಿರಬೇಕು.

ಊಟಕ್ಕೆ ಪೂರ್ತಿ ಒಂದು ಗಂಟೆ ಬೇಕು, ಅದನ್ನು ಕುಗ್ಗಿಸಬಾರದು. ಆರು ವರ್ಷದ ಮಗುವಿಗೆ ಮೊಟ್ಟೆ ಸುಲಿಯುವುದೇ ದೊಡ್ಡ ಕೆಲಸ, ತಾನೇ ಸುಲಿಯಲು ಬಿಡಿ. ಮಧ್ಯಾಹ್ನದ ಮೊದಲ ಅವಧಿಯಲ್ಲಿ ಒಂದನೇ ತರಗತಿಯವರ ಕಣ್ಣು ಮುಚ್ಚುತ್ತಿರುತ್ತದೆ. ಆಗ ಹೊಸ ಅಕ್ಷರ ಹಿಡಿದು ಕೂರುವುದು ಇಬ್ಬರಿಗೂ ಶಿಕ್ಷೆ. ಪರಿಸರದ ಕಾರ್ಡು ಹಿಡಿದು ಹೊರಗೆ ಕರೆದುಕೊಂಡು ಹೋಗಿ ಎಲೆ, ಬೇರು, ಇರುವೆ ನೋಡಿಸುವುದಕ್ಕೆ ಅದೇ ಸರಿಯಾದ ಹೊತ್ತು. ಬೆಳಗ್ಗೆ ಕಳೆದ ಕನ್ನಡವನ್ನು ಮಧ್ಯಾಹ್ನ ತುಂಬಿಸುತ್ತೇವೆ ಅನ್ನುವುದು ಕಾಗದದ ಮೇಲೆ ಮಾತ್ರ ಆಗುತ್ತದೆ.

ಪದ್ಧತಿಯಲ್ಲೇ ದೋಷವಿಲ್ಲವೇ? ಇದೆ. ಕಾರ್ಡು ಹರಿಯುತ್ತವೆ, ಕಳೆಯುತ್ತವೆ. ಒಂದು ಕಾರ್ಡು ಇಲ್ಲವೆಂದರೆ ಆ ಮೆಟ್ಟಿಲಲ್ಲಿ ಬರುವ ಮಕ್ಕಳೆಲ್ಲ ಹಾರಿ ದಾಟುತ್ತಾರೆ. ಮಕ್ಕಳು ಬರೆಯುವ ಗೋಡೆ ಸ್ಲೇಟಿಗೆ ಹೊಳೆಯುವ ಎನಾಮಲ್ ಬಳಿದ ಶಾಲೆಗಳಿವೆ, ಅದರ ಮೇಲೆ ಸೀಮೆಸುಣ್ಣ ಜಾರುತ್ತದೆ, ಕಪ್ಪುಹಲಗೆಯ ಒರಟು ಬಣ್ಣವೇ ಬೇಕು. ಆದರೆ ಒಂದು ಗುಣಕ್ಕಾಗಿ ಇದನ್ನು ಉಳಿಸಿಕೊಳ್ಳಲೇಬೇಕು. ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಹೋಗಿ ಮೂರು ತಿಂಗಳ ಮೇಲೆ ಬಂದ ಮಗು ಇಲ್ಲಿ "ಹಿಂದುಳಿದದ್ದು" ಆಗುವುದಿಲ್ಲ. ಹೋಗುವಾಗ ಯಾವ ಮೆಟ್ಟಿಲಲ್ಲಿತ್ತೋ ಅಲ್ಲಿಂದಲೇ ಕಾರ್ಡು ತೆಗೆದುಕೊಳ್ಳುತ್ತದೆ. ಎಲ್ಲರಿಗೂ ಒಂದೇ ಪುಟ ತೆರೆಯುವ ತರಗತಿಯಲ್ಲಿ ಆ ಮಗುವಿಗೆ ಜಾಗವೇ ಇರುವುದಿಲ್ಲ.

ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪೋಷಕರು ಬಣ್ಣ, ಗೇಟು, ಸ್ಮಾರ್ಟ್ ಟಿವಿ ಮಾತಾಡುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಹಾಲು ಎಷ್ಟು ಹೊತ್ತಿಗೆ ಕೊಡುತ್ತೀರಿ? ಆ್ಯಪ್ ಕೆಲಸ ನಲಿಕಲಿ ಶಿಕ್ಷಕರ ಬದಲು ಯಾರು, ಯಾವಾಗ ಮಾಡಬಹುದು? ಯಾವ ಕಾರ್ಡುಗಳು ಇಲ್ಲ, ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಬರೆದು ಕೊಟ್ಟಿದ್ದೀರಾ? ಶಿಕ್ಷಕರು ತರಬೇತಿಗೆ ಹೋದ ದಿನ ಯಾರು ಬರುತ್ತಾರೆ? ಆಮೇಲೆ ಪ್ರತಿ ಮಗುವಿನ ಮೆಟ್ಟಿಲು ಗುರುತಿಸುವ ಪ್ರಗತಿ ನೋಟದ ಚಾರ್ಟಿನ ಮುಂದೆ ನಿಂತು ನಿಮ್ಮ ಮಗುವಿನ ಮೆಟ್ಟಿಲು ಯಾವುದು ಅಂತ ಮಗುವನ್ನೇ ಕೇಳಿ. ಅದು ಬೆರಳಿಟ್ಟು ತೋರಿಸಿದರೆ, ಹೋದ ತಿಂಗಳು ಎಲ್ಲಿದ್ದೆ ಅಂತಲೂ ಕೇಳಿ.